ನೆಟ್ಟಗೆ ಹೋಗುವ ದೋಣಿ

ನಮ್ಮ ಮೈದುನನಿಗೆ ದುಂಡಗಿರುವ ಯಾವುದನ್ನು ಕಂಡರೂ ಆಗುತ್ತಿರಲಿಲ್ಲ. ಚಂದ್ರನನ್ನೂ ಹುಣ್ಣಿಮೆಗಿಂತ ಬಿದಿಗೆಯ ದಿನವೇ ಮೆಚ್ಚುವವನು! ಅವನ ಹಗೆಯೆಲ್ಲ ಹರಿಗೋಲಿನ ಮೇಲೆ.

ಹಿಟ್ನಾಳದ ಹತ್ತಿರ ಹೊಳೆಯ ಈ ದಂಡೆಯಲ್ಲಿ ನಾವು. ಆ ದಂಡೆಯಲ್ಲಿ ನಮ್ಮ ಅತ್ತೆಯ ಅಕ್ಕ, ಹಾಸಿಗೆ ಹಿಡಿದಿದ್ದರು. ನಡುವೆ ಬುಟ್ಟಿಯಂಥ ಹರಿಗೋಲು, ಗಿರಗಿರ ತಿರುಗುತ್ತಲೇ ದಾಟುವುದು. ಈ ದಂಡೆ ನಿಜಾಮರದು, ಆ ದಂಡೆ ಇಂಗ್ರೇಜರದು. ಒಂದೊಂದು ಸುತ್ತಿಗೂ ಕಣ್ಣೆದುರು ಸರ್ಕಾರ ಬದಲಾಗುತ್ತಿತ್ತು! ನಾನಂತೂ ದಂಡೆಯ ಹನುಮಪ್ಪನ ಗುಡಿ ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದೆ. ಕೂತಲ್ಲೇ ಹತ್ತು ದರ್ಶನ, ಸಣ್ಣ ಪುಣ್ಯವೇ? ಅತ್ತೆಗೆ ಮಾತ್ರ ತಲೆಸುತ್ತು, ವಾಂತಿ. ಮೂರು ವರ್ಷದಿಂದ ಅಕ್ಕನ ಮುಖ ನೋಡಿರಲಿಲ್ಲ.

"ಅವ್ವನ್ನ ನೆಟ್ಟಗ ಒಯ್ತೀನಿ," ಎಂದು ಮೈದುನ ಹಟ ತೊಟ್ಟ.

ಗಂಗಾವತಿ ಸಂತೆಯಲ್ಲಿ ಸಾಬೂನು ಸುತ್ತಿಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಎರಡು ದೋಣಿಗಳ ಚಿತ್ರವಿತ್ತು. ಎರಡೂ ಮೀನಿನಂತೆ ಉದ್ದ, ಸಪೂರ. ಒಂದು ಮೇಲೆ ತೆರೆದದ್ದು. ಇನ್ನೊಂದಕ್ಕೆ ಹೊದಿಕೆ, ಅದರ ತೂತಿನಲ್ಲಿ ಸೊಂಟದವರೆಗೆ ಇಳಿದು ಕೂತ ಮನುಷ್ಯ, ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಹುಟ್ಟು. ನಮ್ಮವನು ಆರಿಸಿದ್ದು ಹೊದಿಕೆಯದನ್ನೇ! ಬಿದಿರು ಹೆಣೆದ, ಚರ್ಮ ಬಿಗಿದ. ಹುಟ್ಟಿನ ಅಲಗಿಗೆ ಹಲಗೆ ಎಲ್ಲಿಂದ ಬಂತು? ನನ್ನ ರೊಟ್ಟಿ ಬಡಿಯುವ ಹಲಗೆ ಎರಡು ಹೋಳಾಗಿತ್ತು.

"ಇನ್ನ ರೊಟ್ಟಿ ನಿನ್ನ ಬೆನ್ನ ಮ್ಯಾಲ ಬಡೀಲೇನಪಾ?"

"ಬಡೀರಿ ವೈನಿ. ದುಂಡಗ ಬ್ಯಾಡ, ಉದ್ದಕ ಬಡೀರಿ."

ಒಲೆಯನ್ನಾದರೂ ಬಿಟ್ಟನಲ್ಲ, ದೇವರು ದೊಡ್ಡವನು.

ಮೊದಲ ದಿನ ದೋಣಿ ನೆಟ್ಟಗೇ ಹೋಯಿತು, ನಾಲ್ಕು ಮಾರು. ಆಮೇಲೆ ಮಗುಚಿತು. ದೋಣಿಯ ತಳ ಮೇಲೆ, ಮೈದುನ ಕೆಳಗೆ! ಅಂಬಿಗ ಎಳೆದು ದಂಡೆಗೆ ಹಾಕಿ ಕೇಳಿದ:

"ನೀರಾಗ ಏನ್ ನೋಡಾಕ ಹೋಗಿದ್ದಿ?"

"ತಳ ಸೋರ್ತೈತೇನು ಅಂತ ನೋಡಿದೆ. ಸೋರೂದಿಲ್ಲ," ಎಂದ ಪುಣ್ಯಾತ್ಮ, ಮೂಗಿನ ನೀರು ಒರೆಸಿಕೊಳ್ಳುತ್ತ.

ಹೊದಿಕೆ ಕಿತ್ತು, ಹೊಟ್ಟೆ ಅಗಲಿಸಿ, ಅದನ್ನೇ ತೆರೆದ ದೋಣಿ ಮಾಡಿದ. ಒಂದು ಮುಂಜಾನೆ ಅತ್ತೆ ಅದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತರು, ಮಡಿಲಲ್ಲಿ ಅಕ್ಕನಿಗೆಂದು ಕಟ್ಟಿದ ಸಿಹಿ ಮಾದಲಿಯ ಗಂಟು. ಹಿಂದೆ ಹರಿಗೋಲಿನಲ್ಲಿ ನಾನು, ಸುತ್ತುತ್ತ.

ನಡುಹೊಳೆಯಲ್ಲಿ ಸುಳಿ ಸಿಕ್ಕಿತು. ಅವನು ಎಡಕ್ಕೂ ಬಲಕ್ಕೂ ಎಷ್ಟು ಬಡಿದರೂ ಆ ಉದ್ದ ದೋಣಿ ಗಡಿಯಾರದ ಮುಳ್ಳಿನಂತೆ ಪೂರ್ತಿ ಒಂದು ಸುತ್ತು ಹಾಕಿತು! ಹರಿಗೋಲಿನವರೆಲ್ಲ ನಗಲು ಬಾಯಿ ತೆರೆದರು.

"ನೆಟ್ಟಗ ಹೊಂಟೇವೇನೋ?" ಅತ್ತೆ ಕೇಳಿದರು.

ಮೈದುನ ನನ್ನತ್ತ ನೋಡಿದ. ಅವನನ್ನು ಕಾಡುವ ಒಂದು ಅವಕಾಶವನ್ನೂ ಬಿಟ್ಟವಳಲ್ಲ ನಾನು. ಆದರೆ ಆ ಮುಖ!

"ನೆಟ್ಟಗ ಹೊಂಟೀರಿ ಅತ್ತಿ, ನೂಲು ಹಿಡಿದಂಗ!" ಎಂದು ಹನುಮಪ್ಪನ ಗುಡಿಯ ಎದುರಿಗೇ ಸುಳ್ಳು ಹೇಳಿದೆ. ನಗುವವರು ಬಾಯಿ ಮುಚ್ಚಿಕೊಂಡರು.

ದಂಡೆ ಸೇರಿದ ಮೇಲೆ ಮೈದುನ ಎದೆಯುಬ್ಬಿಸಿ ಮುಂದೆ ನಡೆದ. ಅತ್ತೆ ನನ್ನ ತೋಳು ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟರು.

"ಬಿಸಲು ಎಡಗಲ್ಲಕ್ಕಿತ್ತು. ನಡುವ ಬೆನ್ನಿಗೆ ಹೋತು, ಬಲಗಲ್ಲಕ್ಕ ಬಂತು, ಮತ್ತ ಎಡಕ್ಕ," ಎಂದರು ಮೆಲ್ಲಗೆ.

ನಾನು ತಲೆ ತಗ್ಗಿಸಿದೆ.

"ತಲಿ ತಿರುಗಾಕತ್ತೈತಿ. ಅವಗ ಹೇಳಬ್ಯಾಡ." ಸೆರಗಿನಿಂದ ಬಾಯಿ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು, ಗಂಟು ಬಗಲಿಗೇರಿಸಿ, ಮಗನಿಗೆ ಕೇಳುವಂತೆ ಕೂಗಿದರು:

"ಊರಿಗೆ ಹೊಳ್ಳಿ ಹೋಗಾಗೂ ನಿನ್ನ ದೋಣ್ಯಾಗ ಬರ್ತೀನೋ ತಮ್ಮಾ!"