ಫಿಲ್ಟರಿಗೂ ಆಯುಧಪೂಜೆ

ಸುರೇಂದ್ರನ ದೂರು ಇಷ್ಟೇ. ಊರಲ್ಲಿ ಹಸು ಸಾಕೋರಿದ್ದಾರೆ, ಕೋಳಿ ಸಾಕೋರಿದ್ದಾರೆ, ನಾಯಿಗೆ ಸ್ವೆಟರ್ ತೊಡಿಸಿ ಸಾಕೋರೂ ಇದ್ದಾರೆ. ಆದರೆ ಕೊಳೆಯನ್ನು ಸಾಕುವ ಹೆಂಗಸು ಇಡೀ ಯಸಳೂರು ಹೋಬಳಿಗೆ ಒಬ್ಬಳೇ. ಅವಳು ತನ್ನ ಪಾಲಿಗೇ ಬರಬೇಕಿತ್ತಾ?

ಅವನ ಹೆಂಡತಿ ಚಂದ್ರಿಕಾ ಹಜಾರದಲ್ಲಿ ಒಂದು ಗಾಜಿನ ಮೀನಿನ ತೊಟ್ಟಿ ಇಟ್ಟಿದ್ದಳು. ಇಟ್ಟಿದ್ದು ಸರಿ, ಚೆಂದವಾಗಿಯೇ ಇತ್ತು. ಆದರೆ ಮೊದಲ ಆರು ವಾರ ಅದರಲ್ಲಿ ಮೀನೇ ಇರಲಿಲ್ಲ. ಬರೀ ನೀರು, ಮತ್ತೆ ಗುರ್ ಅನ್ನುವ ಫಿಲ್ಟರ್ ಮೋಟಾರು. ದಿನಾ ಬೆಳಿಗ್ಗೆ ಆ ಖಾಲಿ ನೀರಿಗೆ ಅವಳು ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸುತ್ತಿದ್ದಳು. (ಆ ಹೊತ್ತಿಗೆ ಕಟ್ಟಿಕೊಂಡ ಗಂಡನಿಗೆ ಒಂದು ಲೋಟ ಕಾಫಿ ಕೂಡ ಆಗಿರುತ್ತಿರಲಿಲ್ಲ.)

‘ಮೀನೇ ಇಲ್ವಲ್ಲೇ, ಯಾರಿಗೆ ತಿಂಡಿ?’

‘ಬ್ಯಾಕ್ಟೀರಿಯಾಗೆ ಕಣ್ರೀ. ಮೀನಿನ ಹೊಲಸೆಲ್ಲ ನೀರಲ್ಲಿ ವಿಷ ಆಗ್ತದೆ. ಫಿಲ್ಟರ್ ಒಳಗಿನ ಸ್ಪಂಜಲ್ಲಿ ಈ ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡ್ರೆ ಆ ವಿಷಾನ ತಿಂದು ಹಾಕ್ತವೆ. ಹಾಲಿಗೆ ಹೆಪ್ಪು ಇದ್ದಂಗೆ, ತೊಟ್ಟಿಗೆ ಇದು. ಹೆಪ್ಪು ಆಗೋ ತನಕ ಮೀನು ಬಿಡಂಗಿಲ್ಲ.’

ಆರು ವಾರ ಕಳೆದು ಏಳು ಮೀನು ಬಂದವು. ಅದರಲ್ಲೊಂದು ದಪ್ಪ ಕಿತ್ತಳೆ ಮೀನು ಗದ್ದ ಎತ್ತಿಕೊಂಡು ತೊಟ್ಟಿಯ ಈ ತುದಿಯಿಂದ ಆ ತುದಿಗೆ ತಿರುಗುತ್ತಾ, ಉಳಿದವರೆಲ್ಲ ಏನು ಮಾಡುತ್ತಿದ್ದಾರೆ ಅಂತ ನಿಂತು ನೋಡುತ್ತಾ, ತಾನು ಮಾತ್ರ ಒಂದು ಕೆಲಸವನ್ನೂ ಮಾಡದೆ ಇರುತ್ತಿತ್ತು. ಅದಕ್ಕೆ ‘ರೈಟರ್’ ಅಂತ ಹೆಸರಿಟ್ಟವನು ಸುರೇಂದ್ರನೇ. ನಮ್ಮ ಕಡೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆಗಿರುವ ರೈಟರನ್ನು ನೋಡಿದವರಿಗೆ ಆ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿ ಒಳಗಿದ್ದಾಗ ಅವನು ತೊಟ್ಟಿ ಮುಂದೆ ಕುರ್ಚಿ ಎಳೆದುಕೊಂಡು ‘ಏನಪ್ಪಾ ರೈಟರ್, ಊಟ ಆಯ್ತಾ?’ ಅಂತ ವಿಚಾರಿಸುತ್ತಿದ್ದ. ಯಾರಾದರೂ ಬಂದರೆ ಗಾಜು ಒರೆಸುವ ಹಾಗೆ ನಟಿಸುತ್ತಿದ್ದ.

ಆದರೆ ಆ ಸ್ಪಂಜು! ಕಂದು ಬಣ್ಣ, ಲೋಳೆ, ಕೆಸರಿನ ವಾಸನೆ. ತೊಳೆದ ಲೋಟವನ್ನು ಮತ್ತೆ ತೊಳೆದು ಕುಡಿಯುವ ಮನುಷ್ಯನ ಮನೆಯ ಹಜಾರದಲ್ಲಿ ಅಂಥದ್ದೊಂದು ರಾಜಮರ್ಯಾದೆಯಿಂದ ವಾಸ ಮಾಡಿಕೊಂಡಿತ್ತು. ಅದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ನವರಾತ್ರಿಗೆ ಚಂದ್ರಿಕಾ ತಮ್ಮನ ಮಗುವಿನ ನಾಮಕರಣ ಅಂತ ಮಾರನಹಳ್ಳಿಯ ತವರಿಗೆ ಹೊರಟಳು. ಹೊರಡುವ ಮುಂಚೆ ಫಿಲ್ಟರಿನ ಮೇಲೆ ಒಂದು ಚೀಟಿ ಅಂಟಿಸಿದಳು: ‘ಮುಟ್ಟಬೇಡಿ.’ ಆ ಅಕ್ಷರ, ಆ ಧಾಟಿ ಎಲ್ಲ ಸುರೇಂದ್ರನದೇ ನಕಲು. ಅವನು ಮನೆ ಹಿಂದೆ ಜೇನುಪೆಟ್ಟಿಗೆ ಇಟ್ಟಿದ್ದ. ವರ್ಷಕ್ಕೆ ಎರಡು ಬಾಟಲಿ ಜೇನುತುಪ್ಪ ಇಳಿದರೆ ಹೆಚ್ಚು. ಆ ಬಾಟಲಿಗಳನ್ನು ಬೀರುವಿನ ಮೇಲಿಟ್ಟು ‘ಮುಟ್ಟಬೇಡಿ – ಸುರೇಂದ್ರ’ ಅಂತ ಚೀಟಿ ಹಚ್ಚಿ ಕಾಯುತ್ತಿದ್ದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಚಂದ್ರಿಕಾಗೆ ಅದರಲ್ಲಿ ದಕ್ಕಿದ್ದು ಕೆಮ್ಮು ಬಂದಾಗ ಒಂದೊಂದು ಚಮಚ.

‘ದಿನಕ್ಕೆ ಒಂದೇ ಚಿಟಿಕೆ ತಿಂಡಿ. ಜಾಸ್ತಿ ಹಾಕಿದ್ರೆ ನೀರು ಕೆಡ್ತದೆ. ಫಿಲ್ಟರ್ ತಂಟೆಗೆ ಹೋಗ್ಬೇಡಿ. ಹೋಗಲ್ಲ ತಾನೆ?’

‘ನಂಗೇನು ಬೇರೆ ಕೆಲ್ಸ ಇಲ್ವೇನೆ?’

ಕೆಲಸ ಇತ್ತು. ಮರುದಿನ ಆಯುಧಪೂಜೆ.

ಆಯುಧಪೂಜೆ ಬಂತೆಂದರೆ ಸುರೇಂದ್ರನ ಮೈಮೇಲೆ ಏನೋ ಬಂದಂತೆ. ಕಾಫಿ ಹಣ್ಣು ಸುಲಿಯುವ ಪಲ್ಪರ್, ಸ್ಪ್ರೇಯರ್, ಕಳೆ ಹೊಡೆಯುವ ಮಷೀನು, ಜೀಪು, ಕತ್ತಿ, ಏಣಿ, ಎಲ್ಲವನ್ನೂ ಸೋಪು ಹಾಕಿ ಉಜ್ಜಿ ಕುಂಕುಮ ಹಚ್ಚಬೇಕು. ಹೋದ ವರ್ಷ ಟಿವಿ ರಿಮೋಟನ್ನೂ ತೊಳೆದಿದ್ದ. (ಅವತ್ತಿಂದ ಅದು ಸೌಂಡು ಜಾಸ್ತಿ ಮಾಡುತ್ತೆ, ಕಮ್ಮಿ ಮಾಡೋದಿಲ್ಲ.) ಪೂಜೆ ಆದ ಮೇಲೆ ವಿಜಯದಶಮಿ ಬೆಳಗಾಗುವ ತನಕ ಯಾವ ಯಂತ್ರವೂ ಅಲ್ಲಾಡಕೂಡದು. ಅದು ಅವನ ಅಜ್ಜನ ಕಾಲದ ಕಟ್ಟಳೆ.

ತೋಟದ ಹಳೇ ಆಳು ಕುಳ್ಳಯ್ಯ ಬಕೆಟ್ ಹಿಡಿದು ಜೊತೆಗಿದ್ದ. ಎಲ್ಲ ಮುಗಿದ ಮೇಲೆ ಸುರೇಂದ್ರನ ಕಣ್ಣು ಹಜಾರದ ಕಡೆ ಹೋಯಿತು.

‘ಕುಳ್ಳಯ್ಯ, ಅದರಲ್ಲಿ ಮೋಟಾರ್ ಐತೆ. ಐತಾ ಇಲ್ವಾ?’

‘ಐತೆ ಗೌಡ್ರೇ. ಅಮ್ಮಾವ್ರು ಮುಟ್ಬೇಡಿ ಅಂತ ಚೀಟಿ ಹಾಕವ್ರಲ್ಲ.’

‘ಮುಟ್ಟೋದು ಬೇರೆ, ಪೂಜೆ ಬೇರೆ ಮಾರಾಯ. ಎಲ್ಲಾ ಯಂತ್ರಕ್ಕೂ ಪೂಜೆ ಮಾಡಿ ಇದೊಂದನ್ನ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?’

ಫಿಲ್ಟರ್ ಹೊರಗೆ ಬಂತು. ಕುದಿಯುವ ನೀರು, ಬಟ್ಟೆ ಸೋಪಿನ ಪುಡಿ, ತೆಂಗಿನ ನಾರು. ಸ್ಪಂಜನ್ನು ಅವನು ಹಿಂಡಿದ, ಕುಕ್ಕಿದ, ಒಗೆಯುವ ಕಲ್ಲಿಗೆ ಬಡಿದ. ಒಳಗಿದ್ದ ಕಂದು ಬಣ್ಣವೆಲ್ಲ ಇಳಿದು ಸ್ಪಂಜು ಹೊಸದರ ಹಾಗೆ ಮಿನುಗಿತು. ಮೋಟಾರಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಚೀಟಿಯನ್ನೂ ಮರೆಯದೆ ಒರೆಸಿ ಮತ್ತೆ ಅದೇ ಜಾಗಕ್ಕೆ ಅಂಟಿಸಿದ. ಕಟ್ಟಳೆ ಪ್ರಕಾರ ಸ್ವಿಚ್ ಆರಿಸಿಯೇ ಇತ್ತು. ಹಬ್ಬದ ದಿನ ಅರೆಹೊಟ್ಟೆ ಯಾಕೆ ಅಂತ ಮೀನುಗಳಿಗೆ ಒಂದು ಹಿಡಿ ತಿಂಡಿಯನ್ನೂ ಸುರಿದ. ಹೆಂಡತಿ ಬಂದು ನೋಡಿದರೆ ಎಷ್ಟು ಖುಷಿಪಡುತ್ತಾಳೆ ಅಂತ ನೆನೆದು ಅವನಿಗೇ ಖುಷಿಯಾಯಿತು. ಹೋಳಿಗೆ ಊಟ ಹೊಡೆದು ಮಲಗಿದ.

ನಾಲ್ಕು ಗಂಟೆಗೆ ಎದ್ದು ನೋಡುತ್ತಾನೆ, ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದೆ. ಏಳೂ ಮೀನು ಮೇಲೆ ಬಂದು ಬಾಯಿ ಕಳೆದು ಕಳೆದು ಗಾಳಿ ಕುಡಿಯುತ್ತಿವೆ. ರೈಟರ್ ಒಂದು ಮೂಲೆಯಲ್ಲಿ ಓರೆಯಾಗಿ ನಿಂತುಬಿಟ್ಟಿದೆ. ಗದ್ದ ಕೆಳಗಿಳಿದಿದೆ.

ಚಂದ್ರಿಕಾ ದಿನಾ ನೀರು ಪರೀಕ್ಷೆ ಮಾಡುವ ಗಾಜಿನ ನಳಿಗೆಯೊಂದಿತ್ತು. ಅದಕ್ಕೆ ತೊಟ್ಟಿ ನೀರು ಹಾಕಿ, ಅವಳು ಮಾಡುವ ಹಾಗೇ ಹನಿ ಔಷಧಿ ಬಿಟ್ಟ. ನೀರು ಕಡುಹಸಿರಾಯಿತು. ‘ಅಬ್ಬಾ! ಹಸ್ರಾಯ್ತು!’ ಅಂತ ಉಸಿರುಬಿಟ್ಟ. ಕಾಫಿ ಗಿಡ ನೋಡಿ ಬೆಳೆದವನಿಗೆ ಹಳದಿಯಾದರೆ ರೋಗ, ಹಸಿರಾದರೆ ಸೊಂಪು. ಆಮೇಲೆ ಪೆಟ್ಟಿಗೆಯ ಮೇಲಿನ ಬಣ್ಣದ ಪಟ್ಟಿ ಕಣ್ಣಿಗೆ ಬಿತ್ತು. ಹಳದಿ ಇದ್ದರೆ ಕ್ಷೇಮ, ಹಸಿರೇರಿದಷ್ಟೂ ವಿಷ. ಅವಳು ಆರು ವಾರ ಬರೀ ನೀರಿನ ಮುಂದೆ ಕೂತು ಕಾದಿದ್ದಳು. ನಾಳೆ ಸಂಜೆ ಬಸ್ಸಿಂದ ಇಳಿದವಳು ಚಪ್ಪಲಿ ಬಿಡುವ ಮೊದಲು ತೊಟ್ಟಿ ಕಡೆಗೇ ಬರುತ್ತಾಳೆ. ಆ ಮುಖವನ್ನು ನೋಡುವುದು ಹೇಗೆ?

ಅಜ್ಜನ ಕಟ್ಟಳೆ ಮೊದಲು ಮುರಿದದ್ದು ಫಿಲ್ಟರ್ ಸ್ವಿಚ್ಚಿನಲ್ಲಿ. ಎರಡನೆಯದು ಫೋನು. ಹೆಗ್ಗದ್ದೆಯಲ್ಲಿ ಚಂದ್ರಿಕಾಳ ಗೆಳತಿ ಶೀಲಾ ಇದ್ದಳು, ಅವಳ ಮನೆಯಲ್ಲೂ ಮೀನಿನ ತೊಟ್ಟಿ.

‘ಶೀಲಾ, ಒಂಚೂರು ಹೆಪ್ಪು ಬೇಕಿತ್ತಮ್ಮ.’

‘ಮೊಸರಿಗಾ ಸುರೇಂದ್ರಣ್ಣ?’

‘ಮೊಸರಿಗಲ್ಲ. ಮೀನಿಗೆ.’

‘ತೊಳೆದ್ಬುಟ್ರಾ?’

‘ಪೂಜೆ ಮಾಡ್ದೆ.’

‘ಸೋಪು ಹಾಕಿ?’

‘ಪೂಜೆ ಅಂದ್ಮೇಲೆ ಸೋಪು ಹಾಕ್ದೆ ಇರ್ತಾರಾ?’

ಮೇಲೆ ತೇಲುವ ತಿಂಡಿಯೆಲ್ಲ ತೆಗೆಯಿರಿ, ಮೂರರಲ್ಲೊಂದು ಪಾಲು ನೀರು ಬದಲಾಯಿಸಿ, ಸ್ಪಂಜನ್ನು ಸೋಪು ಹೋಗುವ ತನಕ ಬರೀ ನೀರಲ್ಲಿ ಅಲುಬಿ ಹಾಕಿ, ಆಮೇಲೆ ಇಲ್ಲಿಗೆ ಬನ್ನಿ ಅಂದಳು ಶೀಲಾ. ‘ಬರ್ತೀನಿ. ಚಂದ್ರಿಕಂಗೆ ಮಾತ್ರ ಗೊತ್ತಾಗ್ಬಾರ್ದು. ನಿಂಗೆ ಏನು ಬೇಕು ಹೇಳು,’ ಅಂದ ಸುರೇಂದ್ರ.

‘ನಿಮ್ಮ ಜೇನುತುಪ್ಪದ ಬಗ್ಗೆ ಬಾಳ ಕೇಳಿದೀನಿ,’ ಅಂದಳು ಶೀಲಾ.

ಹೇಳಿದ್ದನ್ನೆಲ್ಲ ಮಾಡಿ ಸುರೇಂದ್ರ ಬೀರುವಿನ ಮೇಲಿನ ಬಾಟಲಿಗಳಿಗೆ ಕೈಹಾಕಿದ. ಮೂತಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತ ಜೀಪನ್ನು ಅವನು ಹತ್ತುವಾಗ ಕುಳ್ಳಯ್ಯ ಅಡ್ಡ ಬಂದ.

‘ಗೌಡ್ರೇ, ಇವತ್ತು ಯಂತ್ರ ಅಲ್ಲಾಡ್ಬಾರ್ದು ಅಂದಿದ್ರಿ.’

‘ಮೀನು ಸಾಯ್ತಾ ಐತೆ ಕುಳ್ಳಯ್ಯ!’

‘ಯಾವ್ದು, ಆ ಕಿತ್ತಳೆದಾ? ಒಂದು ಹೊತ್ತಿನ ಸಾರಿಗೂ ಆಗಲ್ವಲ್ಲ ಅದು.’

‘ಬಾಯ್ಮುಚ್ಚೋ. ಅದು ನಮ್ಮ ರೈಟರ್!’

ಕುಳ್ಳಯ್ಯ ಪಕ್ಕಕ್ಕೆ ಸರಿದ. ಜೀಪು ಹಾರ ಉದುರಿಸುತ್ತಾ ಹೆಗ್ಗದ್ದೆಗೆ ಓಡಿತು.

ಶೀಲಾ ಗೇಟಿನಲ್ಲೇ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಒಳಗೆ ನೀರಲ್ಲಿ ಮುಳುಗಿದ ಅರ್ಧ ಸ್ಪಂಜು, ಅದೇ ಕಂದು, ಅದೇ ಲೋಳೆ. ಡಬ್ಬಿಯ ಮುಚ್ಚಳದ ಮೇಲೆ ‘ಚಂ.ಸು.’ ಅಂತ ಕೆತ್ತಿತ್ತು. ನಮ್ಮನೆ ಡಬ್ಬಿಗಳೆಲ್ಲ ಇವರ ಮನೇಲೇ ಇದಾವೆ, ಈ ಹೆಂಗಸರು ಒಯ್ದಿದ್ದನ್ನ ವಾಪಸ್ ಕೊಡೋದೇ ಇಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡು, ಎರಡೂ ಬಾಟಲಿ ಜೇನುತುಪ್ಪ ಕೊಟ್ಟು, ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡ. ಬಾಣಂತಿ ಹೆಂಡತಿಯನ್ನು ಕರೆದುಕೊಂಡು ಬಂದಾಗಲೂ ಅವನು ಜೀಪನ್ನು ಅಷ್ಟು ಮೆಲ್ಲಗೆ ಓಡಿಸಿರಲಿಲ್ಲ. ಮನೆಗೆ ಬಂದವನು ಆ ಲೋಳೆಯನ್ನು ಬರಿಗೈಯಲ್ಲಿ ಎತ್ತಿ ಫಿಲ್ಟರಿನೊಳಗೆ ಕೂರಿಸಿದ. ‘ಕಾಪಾಡ್ರಪ್ಪಾ’ ಅಂತ ಅದಕ್ಕೇ ಕೈಮುಗಿದ. ಕೈ ತೊಳೆಯುವುದು ಅವನಿಗೆ ನೆನಪಾದದ್ದು ಊಟಕ್ಕೆ ಕೂತಾಗ.

ಬೆಳಿಗ್ಗೆ ಇನ್ನೊಂದು ಸಲ ನೀರು ಬದಲಾಯಿಸಿದ. ಮಧ್ಯಾಹ್ನದ ಹೊತ್ತಿಗೆ ಮಬ್ಬು ಕಮ್ಮಿಯಾಗಿ ಮೀನುಗಳು ಕೆಳಗಿಳಿದವು. ರೈಟರ್ ಗದ್ದ ಎತ್ತಿಕೊಂಡು ತಪಾಸಣೆಗೆ ಹೊರಟಿತು. ಅದನ್ನು ನೋಡಿ ಸುರೇಂದ್ರನಿಗೆ ಕಣ್ಣು ತುಂಬಿ ಬಂತು. (ಸಾಂಬ್ರಾಣಿ ಹೊಗೆ ಅಂತ ಕುಳ್ಳಯ್ಯನಿಗೆ ಹೇಳಿದ.)

ಸಂಜೆ ಚಂದ್ರಿಕಾ ಬಂದಳು. ಚಪ್ಪಲಿ ಬಿಡದೆ ತೊಟ್ಟಿ ಮುಂದೆ ಬಗ್ಗಿ ನೋಡಿದಳು.

‘ಪರವಾಗಿಲ್ಲ ಕಣ್ರೀ. ಚೆನ್ನಾಗಿ ನೋಡ್ಕೊಂಡಿದೀರ.’

‘ನೋಡ್ಕೊಳ್ದೆ ಮತ್ತೆ? ಏನಂತ ತಿಳ್ಕೊಂಡಿದೀಯ ನನ್ನ?’ ಅಂತ ಅವನು ಮೀಸೆ ತಿರುವಿದ. ಆ ರಾತ್ರಿ ಅವನಿಗೆ ಒಳ್ಳೇ ನಿದ್ದೆ.

ಬೆಳಿಗ್ಗೆ ತಿಂಡಿಗೆ ಅಕ್ಕಿರೊಟ್ಟಿ. ಕೂತವನ ಎದುರಿಗೆ, ಬೆಣ್ಣೆ ಬಟ್ಟಲಿನ ಪಕ್ಕದಲ್ಲಿ, ಎರಡು ಬಾಟಲಿ. ಎರಡರ ಮೇಲೂ ಅವನದೇ ಅಕ್ಷರ: ‘ಮುಟ್ಟಬೇಡಿ – ಸುರೇಂದ್ರ.’

ರೊಟ್ಟಿ ಅವನ ಕೈಯಲ್ಲೇ ಉಳಿಯಿತು.

‘ಬರ್ತಾ ಶೀಲನ ಮನೇಲಿ ಇಳ್ದಿದ್ದೆ,’ ಅಂದಳು ಚಂದ್ರಿಕಾ. ‘ನೀವು ತಂದಿದ್ದು ಅವಳ ತೊಟ್ಟಿ ಸ್ಪಂಜು ಅಂದ್ಕೊಂಡ್ರಾ? ನಂದೇ ಕಣ್ರೀ. ರಿಮೋಟು ತೊಳೆದ ಗಂಡ ಫಿಲ್ಟರ್ ಬಿಡ್ತಾನಾ ಅಂತ, ಹೋಗ್ತಾನೇ ಅರ್ಧ ಕತ್ತರಿಸಿ ಅವಳ ತೊಟ್ಟೀಲಿ ಹಾಕಿಟ್ಟು ಹೋಗಿದ್ದೆ. ಡಬ್ಬಿ ಮೇಲೆ ನಮ್ಮಿಬ್ರ ಹೆಸರೇ ಐತಲ್ಲ, ಓದಿಲ್ವಾ?’

ಸುರೇಂದ್ರ ಬಾಯಿ ತೆರೆದ, ಮುಚ್ಚಿದ. ಮೊನ್ನೆ ಮೀನುಗಳು ಮಾಡುತ್ತಿದ್ದದ್ದೂ ಅದನ್ನೇ.

‘ಹಾರ ಹಾಕಿದ ಜೀಪಲ್ಲಿ ಮದುಮಗನ ತರ ಬಂದಿದ್ರಂತೆ. ರೈಟರ್ ಸತ್ತೋಗ್ತದೆ ಅಂತ ಒದ್ದಾಡ್ತಿದ್ರಂತೆ.’ ಅವಳ ದನಿ ಸ್ವಲ್ಪ ಮೆತ್ತಗಾಯಿತು. ಆದರೆ ಕೈ ಮೆತ್ತಗಾಗಲಿಲ್ಲ. ಅದು ಬಾಟಲಿಯ ಮುಚ್ಚಳ ತಿರುಗಿಸುತ್ತಿತ್ತು. ‘ಮುಟ್ಟಬೇಡಿ ಅಂತ ಬರೆದಿದ್ದನ್ನ ನೀವು ಮುಟ್ಟಿದ್ರಿ. ಈಗ ನಾನು ಮುಟ್ತೀನಿ.’

ಅಂದವಳೇ ತನ್ನ ರೊಟ್ಟಿಯ ಮೇಲೆ ಧಾರಾಳವಾಗಿ ಜೇನುತುಪ್ಪ ಸುರಿದುಕೊಂಡಳು. ಸುರೇಂದ್ರ ಮೆಲ್ಲಗೆ ತನ್ನ ತಟ್ಟೆಯನ್ನೂ ಮುಂದೆ ತಳ್ಳಿದ.

ಚಂದ್ರಿಕಾ ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ಅವನ ರೊಟ್ಟಿಗೆ ಹಚ್ಚಿದಳು.

‘ದಿನಕ್ಕೆ ಇಷ್ಟೇ. ಜಾಸ್ತಿ ಹಾಕಿದ್ರೆ ಕೆಡ್ತೀರ.’