ನಿಯತ್ತಿನ ಗ್ಯಾಂಗಿನ ಸರದಾರನಿಗೆ, ಮಿರ್ಚಿ ಗಾಡಿಯ ಬಗ್ಗೆ

ಇಂದ,
ಕಾಂಚನಾ,
ಅತಿಥಿ ಉಪನ್ಯಾಸಕಿ, ರಾಜ್ಯಶಾಸ್ತ್ರ (ಪ್ರತಿ ವರ್ಷವೂ ಹೊಸದಾಗಿ ಅತಿಥಿ),
ಬೆಟಗೇರಿ.

ಗೆ,
ಸರದಾರ ದುರಗಣ್ಣ,
ಮುಖಂಡರು, ನಿಯತ್ತಿನ ಗ್ಯಾಂಗ್,
ಕರಿಪೇಟೆ (ನಕ್ಷೆಯಲ್ಲಿ ಇಲ್ಲದ ಊರು),
ಮೊಕ್ಕಾಂ: ಶ್ರೀ ನಂದೀಶ ಇವರ ಸೀರೆ ಅಂಗಡಿಯ ಮಾಳಿಗೆ ಕೋಣೆ, ಗದಗ.

ವಿಷಯ: ಬದುಕಿರುವ ಮಹಿಳೆಯೊಬ್ಬಳಿಗೆ ತಮ್ಮ ರಕ್ಷಣೆ ಒದಗಿಸುವ ಕುರಿತು.

ಉಲ್ಲೇಖ: ೧) ಕರಿಪೇಟೆಯ ಸಂತೆ ಬೀದಿಯಲ್ಲಿ ನಿಂತು ತಾವು ಕೊಟ್ಟ ಮಾತು, ಕಳೆದ ಭಾನುವಾರ.
೨) ತಮ್ಮನ್ನು ಆಡಿಸುವ ಶ್ರೀ ನಂದೀಶ ಇವರು ಸಹಿ ಮಾಡಿದ ಮನವಿ ಪತ್ರ, ಅದೇ ಭಾನುವಾರ, ಅದೇ ಮೇಜು.

ಮಾನ್ಯ ಸರದಾರರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳಾದ ಕಾಂಚನಾ ಈ ಅರ್ಜಿಯನ್ನು ತಮಗೇ ಸಲ್ಲಿಸುತ್ತಿದ್ದಾಳೆ, ನಂದೀಶರಿಗಲ್ಲ. ತಾವು ಕಾಲ್ಪನಿಕ ರೌಡಿ. ನಂದೀಶರು ನಿಜವಾದ ಸಂಭಾವಿತ ವ್ಯಾಪಾರಿ. ಇಬ್ಬರಲ್ಲಿ ಬಡವರ ಅಹವಾಲು ಕೇಳುವ ಕಿವಿ ಇರುವುದು ತಮಗೆ ಮಾತ್ರ ಎಂಬುದು ಅರ್ಜಿದಾರಳ ಅನುಭವಕ್ಕೆ ಬಂದಿರುವ ಕಾರಣ, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

೧. ತಾವು ಹುಟ್ಟಿದ ಬಗೆ ತಮಗೆ ತಿಳಿದಿರಲಿಕ್ಕಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ನಂದೀಶ, ಹೈಸ್ಕೂಲು ಮಾಸ್ತರ ಭೀಮೇಶ ಮತ್ತು ಲಕ್ಷ್ಮೇಶ್ವರದಿಂದ ಬೈಕಿನಲ್ಲಿ ಬರುವ ಗುತ್ತಿಗೆದಾರ ಯಲ್ಲೇಶ, ಈ ಮೂವರೂ ಮಾಳಿಗೆಯಲ್ಲಿ ಒಂದು ಮೇಜಿನ ಸುತ್ತ ಕೂಡುತ್ತಾರೆ. ಆಟವೆಂದರೆ ಇಷ್ಟೇ: ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರ ತೊಟ್ಟು ತಾವು ಮುಂದೇನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮೂವರಿಗೂ ರೌಡಿಗಳೇ ಆಗಬೇಕಿತ್ತು; ಸರದಾರರಾದ ತಮ್ಮ ಪಾತ್ರವನ್ನು ನಂದೀಶರು ತೊಟ್ಟರು. ಹೀಗಾಗಿ ಕಥೆ ನಡೆಸುವ ಕೆಲಸ ಅರ್ಜಿದಾರಳ ಪಾಲಿಗೆ ಬಂತು. ಅವರು ಮೂರು ಜನ, ಉಳಿದ ಇಡೀ ಊರು ಈಕೆ. ಒದೆ ತಿನ್ನುವವರು, ಹಫ್ತಾ ಕೊಡುವವರು, ಚೂರಿ ಹಾಕಿಸಿಕೊಳ್ಳುವವರು, ಎಲ್ಲರ ದನಿಯೂ ಈಕೆಯದೇ.

೨. ಗ್ಯಾಂಗಿಗೆ ನೀತಿ ಇರಬೇಕೆಂದು ಭೀಮೇಶರು ಮೊದಲ ದಿನವೇ ಪಟ್ಟು ಹಿಡಿದರು. ಪಾಪಕ್ಕೊಂದು ಹುಣಸೆ ಬೀಜ ಎಂದು ನಿಯಮವಾಯಿತು. ಹೊಡೆದರೆ, ಸುಟ್ಟರೆ, ದೋಚಿದರೆ ಡಬ್ಬಿಗೆ ಒಂದು ಬೀಜ ಬೀಳಬೇಕು. ಡಬ್ಬಿ ತುಂಬಿದರೆ ಗ್ಯಾಂಗು ಕೆಟ್ಟಂತೆ, ಆಟ ಮುಗಿದಂತೆ. ಅರ್ಜಿದಾರಳಿಗೆ ಇದು ಬಹಳ ಹಿಡಿಸಿತ್ತು. ಆದರೆ ಯಲ್ಲೇಶರು ಗುತ್ತಿಗೆದಾರರಾದ ಕಾರಣ ಅದಕ್ಕೊಂದು ತಿದ್ದುಪಡಿ ತಂದರು: ಕೆಲಸ ಮಾಡಿದ್ದು ಬಡವರ ಸಲುವಾಗಿ ಎಂದು ಆಟಗಾರರಲ್ಲಿ ಬಹುಮತ ಬಂದರೆ ಬೀಜ ವಾಪಸ್ ತೆಗೆಯಬಹುದು. ಆಟಗಾರರೆಂದರೆ ಅದೇ ಮೂವರು. ಸುಟ್ಟವರೇ ಕೈ ಎತ್ತುವವರು. ಡಬ್ಬಿಯ ತಳ ಇವತ್ತಿಗೂ ಫಳಫಳ ಹೊಳೆಯುತ್ತಿದೆ.

೩. ತಾವು ಧಾನ್ಯದ ಗೋದಾಮಿಗೆ ಬೆಂಕಿ ಇಟ್ಟದ್ದು ತಮಗೆ ನೆನಪಿರಬಹುದು. ಒಳಗೆ ಕಾವಲುಗಾರ ಮಲಗಿದ್ದ. ಅವನ ದನಿಯಲ್ಲಿ ಕೂಗಿದ್ದು ಅರ್ಜಿದಾರಳು, ಸತ್ತದ್ದೂ ಈಕೆಯೇ. ಮತಕ್ಕೆ ಹಾಕಿದಾಗ ಮೂರು ಕೈ ಮೇಲೆ ಹೋದವು. "ಆ ಕಾವಲುಗಾರನೂ ಬಡವನs ಅಲ್ರೀ?" ಎಂದು ಈಕೆ ಕೇಳಿದ್ದಕ್ಕೆ ಭೀಮೇಶರು, "ಅಂವಾ ವ್ಯವಸ್ಥಾದ ಏಜಂಟ್ ರೀ ಮೇಡಂ. ಬಡವ ಹೆಂಗಾಕ್ಕಾನ?" ಎಂದರು. ಹತ್ತನೆಯ ತರಗತಿಗೆ ಪೌರನೀತಿ ಕಲಿಸುವವರು ಇವರೇ.

೪. ಇನ್ನು ಫಕ್ಕೀರವ್ವ. ಕರಿಪೇಟೆಯ ಸಂತೆ ಬೀದಿಯಲ್ಲಿ ಮಿರ್ಚಿ ಮಾರುವ ಆ ಹೆಂಗಸನ್ನು ತಾವು ಅವ್ವ ಎಂದು ಕರೆದಿರಿ. ಆಕೆಯನ್ನು ಅರ್ಜಿದಾರಳು ಕಲ್ಪಿಸಿದ್ದಲ್ಲ, ಮೆಟ್ಟಿಲಿಳಿದು ಎತ್ತಿಕೊಂಡು ಬಂದದ್ದು. ನಂದೀಶರ ಅಂಗಡಿಯ ಮೆಟ್ಟಿಲ ಬುಡದಲ್ಲಿ ಅಮೃತವ್ವ ಎಂಬಾಕೆ ತಳ್ಳುಗಾಡಿ ಇಟ್ಟು ಮಿರ್ಚಿ, ಗಿರ್ಮಿಟ್ ಮಾರುತ್ತಾಳೆ. ಅಂತೂರ ಬೆಂತೂರು ಎಂಬ ಹಳ್ಳಿಯವಳು. ಹಮಾಲಿ ಮಾಡುತ್ತಿದ್ದ ಗಂಡ ನೀಲಪ್ಪ ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದಾನೆ, ಮನೆ ನಡೆಯುವುದೆಲ್ಲ ಆ ಗಾಡಿಯ ಮೇಲೆ. ಎಣ್ಣೆ ಕಾದಿದೆಯೋ ಎಂದು ಒಂದು ಹನಿ ಹಿಟ್ಟು ಬಿಟ್ಟು ನೋಡುವುದು, ಪುಕ್ಕಟೆ ಇನ್ನೊಂದು ಕೇಳಿದವರಿಗೆ "ನಿಮ್ಮಪ್ಪ ಇಟ್ಟಾನೇನ ಇಲ್ಲೆ?" ಎನ್ನುವುದು, ಹಾಗೆ ಬೈದು ಆ ಇನ್ನೊಂದನ್ನು ಕೊಟ್ಟೂ ಬಿಡುವುದು, ಎಲ್ಲವೂ ಫಕ್ಕೀರವ್ವಳಿಗೆ ಬಂದದ್ದು ಅಮೃತವ್ವಳಿಂದ. ಆಟಗಾರರು ಭಾನುವಾರ ತಿನ್ನುವ ಮಿರ್ಚಿಯೂ ಆಕೆಯದೇ.

೫. ಕಳೆದ ಭಾನುವಾರ ಕರಿಪೇಟೆಯ ಮೇಯರನು ಬೀದಿ ಚಂದ ಮಾಡುತ್ತೇನೆಂದು ಆಳು ಕಳಿಸಿ ಫಕ್ಕೀರವ್ವಳ ಗಾಡಿ ಒದೆಸಿದ. ತಾವು ನಡುಬೀದಿಯಲ್ಲಿ ನಿಂತು ಗುಡುಗಿದಿರಿ: "ಈ ಅವ್ವನ ಗಾಡಿ ಮುಟ್ಟೂ ಕೈ ಇನ್ನೂ ಹುಟ್ಟಿಲ್ಲಲೇ! ಮುಟ್ಟಬೇಕಂದ್ರ ಮೊದಲ ನನ್ನ ಹೆಣಾ ದಾಟ್ರಿ!" ತಮ್ಮ ಬಾಯಾಗಿ ಇದನ್ನು ಹೇಳಿದ ನಂದೀಶರಿಗೆ ಅಳು ಬಂತು. ಮಾರಾಟಕ್ಕಿಟ್ಟ ಹೊಸ ಕರವಸ್ತ್ರವೊಂದನ್ನು ಬಿಚ್ಚಿ ಕಣ್ಣೊರೆಸಿಕೊಂಡರು. ಆಮೇಲೆ ಅದನ್ನು ಮಡಚಿ ಮತ್ತೆ ಡಬ್ಬದಲ್ಲಿ ಇಟ್ಟದ್ದನ್ನೂ ಅರ್ಜಿದಾರಳು ನೋಡಿದ್ದಾಳೆ.

ಆ ಕಣ್ಣು ಒಣಗುವ ಮುಂಚೆಯೇ ನಂದೀಶರು ಕಾಗದವೊಂದನ್ನು ಮೇಜಿನ ಮೇಲೆ ಹಾಕಿ, "ಮೇಡಂ, ಒಂಚೂರು ಪೆನ್ ಕೊಡ್ರಿ" ಎಂದರು.

"ಏನ್ರೀ ಇದು?"

"ಏನಿಲ್ರಿ, ಅಂಗಡಿ ಮುಂದ ಗಾಡಿ ನಿಂದ್ರತಾವಲ್ಲ, ಅವನ್ನ ಎತ್ತಸ್ರಿ ಅಂತ ನಗರಸಭೆಗೆ ಬರದೇವಿ. ಗಿರಾಕಿ ಒಳಗ ಬರಾಕ ಆಗವಲ್ದು."

"ಅಮೃತವ್ವನ ಗಾಡೀನೂ?"

"ಆಕೀದs ಮೊದಲ. ಎಣ್ಣಿ ಹೊಗಿ ರೇಷ್ಮಿ ಸೀರಿಗೆ ಹತ್ತತೈತ್ರಿ. ಮಾತಾಡೇನಿ, ಮುಂದಿನ ಸೋಮಾರ ಲಾರಿ ಬರತೈತಿ."

ಅರ್ಜಿದಾರಳು ಕಾಗದವನ್ನು ಅವರ ಕಡೆಗೇ ತಳ್ಳಿದಳು. "ಈಗರ ಫಕ್ಕೀರವ್ವನ ಸಲುವಾಗಿ ಅತ್ತೀರಲ್ರೀ! ಆಕಿ ಅಂದ್ರ ಈಕೀನ ರೀ. ಇದs ಮಾರಿ, ಇದs ಬಾಯಿ, ಇದs ಗಾಡಿ. ನಾ ಈಕೀನ್ನ ನೋಡೇ ಆಕೀನ್ನ ಮಾಡೇನಿ."

"ಅದು ಕಥಿ ರೀ ಮೇಡಂ" ಎಂದರು ನಂದೀಶ, ಮಗುವಿಗೆ ಹೇಳುವಂತೆ.

ಭೀಮೇಶರು ಬಾಯಲ್ಲಿದ್ದ ಮಿರ್ಚಿ ನುಂಗಿ ವಿವರಿಸಿದರು: "ಫಕ್ಕೀರವ್ವ ಅಂದ್ರ ಶೋಷಿತರ ಪ್ರತೀಕ. ಅಮೃತವ್ವ ಅಂದ್ರ ಟ್ರಾಫಿಕ್ ಸಮಸ್ಯೆ."

ಅಷ್ಟರಲ್ಲಿ ಎರಡನೆಯ ತಟ್ಟೆ ಹಿಡಿದ ಅಮೃತವ್ವ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಅರ್ಜಿದಾರಳನ್ನು ಕೇಳಿದಳು:

"ಯಾರಾಕೀರಿ ಅಕ್ಕಾರ, ಆ ಫಕ್ಕೀರವ್ವ? ಭಾಳ ಪುಣ್ಯಾ ಮಾಡ್ಯಾಳ ನೋಡ್ರಿ. ಮೂರ ಮಂದಿ ಗಂಡಸರು ಆಕಿ ಸಲುವಾಗಿ ಸಾಯಾಕ ನಿಂತಾರ." ಭೀಮೇಶರು ಹೊಸ ತಟ್ಟೆಯಿಂದ ಮಿರ್ಚಿಯೊಂದನ್ನು ಎತ್ತಿಕೊಂಡರು. ಆಕೆ ನಂದೀಶರ ಕಡೆ ತಿರುಗಿ, "ಸೋಮಾರ ಖರೇನೇನ್ರಿ ಅಣ್ಣಾರ? ಹಂಗಿದ್ರ ಐತವಾರ ಸಂಜಿಗೆ ಹಿಟ್ಟು ತರಸೂದಿಲ್ಲ, ಸುಮ್ನ ಹಾಳಾಕ್ಕೈತಿ" ಎಂದಳು.

"ಸೋಮಾರ ಮುಂಜಾನಿ" ಎಂದರು ನಂದೀಶ. ಆಮೇಲೆ, "ಉಳ್ಳಾಗಡ್ಡಿ ಇನ್ನಷ್ಟು ತಾ ಬೇ" ಎಂದರು.

ಆಕೆ ತಂದಳು.

೬. ಈ ಅಂಶವನ್ನು ಸಿಟ್ಟಿನ ಭರದಲ್ಲಿ ಬರೆದಿದ್ದ ಕಾರಣ ಹೊಡೆದು ಹಾಕಲಾಗಿದೆ. ಅದರಲ್ಲಿದ್ದ ಶಬ್ದಗಳು ತಮ್ಮಂಥ ರೌಡಿಗಳೂ ಆಡತಕ್ಕವಲ್ಲ.

೭. ಮೂವರೂ ಸಹಿ ಹಾಕಿ ಪತ್ರವನ್ನು ತನ್ನತ್ತ ಸರಿಸಿದಾಗ ಅರ್ಜಿದಾರಳು ಸಹಿ ಮಾಡದೆ ಎದ್ದು ನಿಂತು, ಇದಕ್ಕೂ ಒಂದು ಬೀಜ ಹಾಕಿರೆಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಯಲ್ಲೇಶರು ನಗುತ್ತ ಹಾಕಿದರು. ನಗುತ್ತಲೇ ಮತಕ್ಕೂ ಹಾಕಿದರು. ಗಾಡಿಗಳು ಹೋದರೆ ನಡೆದು ಹೋಗುವ ಬಡವರಿಗೆ ದಾರಿ ಅಗಲವಾಗುತ್ತದೆಂದು ವಾದ ಮಂಡನೆಯಾಯಿತು. ಮೂರು ಕೈ ಮೇಲೆ ಹೋದವು. ಬೀಜ ಹೊರಗೆ ಬಂತು. ಹಾಗಾಗಿ ಮನವಿ ಪತ್ರವು ಬಡವರ ಸಲುವಾಗಿ ಆದದ್ದೆಂದು ತಮ್ಮ ಗ್ಯಾಂಗಿನ ದಾಖಲೆಯಲ್ಲಿದೆ.

೮. ಬುಧವಾರ ಅರ್ಜಿದಾರಳು ಅಂಗಡಿಗೆ ಹೋಗಿ ನಂದೀಶರನ್ನು ಇನ್ನೊಮ್ಮೆ ಬೇಡಿಕೊಂಡಳು. ಅವರು ಚಹಾ ತರಿಸಿದರು. ಮನಸ್ಸು ಕರಗಿದವರಂತೆ ಬಹಳ ಹೊತ್ತು ಯೋಚಿಸಿ, "ಹಿಂಗ ಮಾಡೂಣ್ರಿ ಮೇಡಂ. ಮುಂದಿನ ಆಟದಾಗ ಫಕ್ಕೀರವ್ವಗ ಪಕ್ಕಾ ಅಂಗಡೀನ ಕಟ್ಟಿಸಿ ಕೊಡೂಣು. ನಂದs ಖರ್ಚು" ಎಂದರು. ಕರಿಪೇಟೆಯಲ್ಲಿ ಖರ್ಚೆಂದರೆ ದಾಳ ಉರುಳಿಸುವುದು.

೯. ಸದರಿ ಇಬ್ಬರು ಹೆಂಗಸರನ್ನೂ ಅರ್ಜಿದಾರಳು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದ್ದಾಳೆ. ವಯಸ್ಸು, ಕಸುಬು, ಬಾಯಿ, ಬಡತನ ಎಲ್ಲವೂ ತಾಳೆಯಾಗುತ್ತವೆ. ಇರುವ ವ್ಯತ್ಯಾಸ ಒಂದೇ: ಫಕ್ಕೀರವ್ವ ಇಲ್ಲ, ಅಮೃತವ್ವ ಇದ್ದಾಳೆ. ಫಕ್ಕೀರವ್ವಳ ಕಾವಲಿಗೆ ಮೂವರು ಕತ್ತಿ ಹಿರಿದು ನಿಂತಿದ್ದಾರೆ, ಅಮೃತವ್ವಳ ಗಾಡಿಗೆ ಲಾರಿ ಗೊತ್ತುಮಾಡಲಾಗಿದೆ. ಇರುವುದೊಂದೇ ಆಕೆಯ ಅನರ್ಹತೆ ಎಂದಾಯಿತು. ತಮ್ಮಂಥ ರೌಡಿಗಳನ್ನು ಹೊಗಳಿದರೆ ಸಮಾಜ ಕೆಡುತ್ತದೆಂದು ತಿಳಿದವರು ಬರೆಯುತ್ತಾರೆ, ಅರ್ಜಿದಾರಳೂ ತರಗತಿಯಲ್ಲಿ ಅದನ್ನೇ ಪಾಠ ಮಾಡಿದ್ದಾಳೆ. ಈಗ ಅನಿಸುತ್ತಿರುವುದೇ ಬೇರೆ. ಈ ಸಂಭಾವಿತರು ವಾರವಿಡೀ ತಾವಿರುವಷ್ಟಾದರೂ ರೌಡಿಗಳಾಗಿದ್ದರೆ ಸಾಕಿತ್ತು. ಅವರು ತಮ್ಮನ್ನು ನೋಡಿ ಕೆಡಲಿಲ್ಲ, ತಮ್ಮ ಬೆನ್ನ ಹಿಂದೆ ಅಡಗಿ ತಮ್ಮ ಒಳ್ಳೆಯತನವನ್ನು ಸ್ವಂತದ್ದೆಂದು ಹೇಳಿಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಅಮೃತವ್ವ ಕೋಂ ನೀಲಪ್ಪ ಇವಳನ್ನು ಸೋಮವಾರ ಮುಂಜಾನೆ ಲಾರಿ ಬರುವುದರೊಳಗಾಗಿ ಕಾಲ್ಪನಿಕ ವ್ಯಕ್ತಿಯೆಂದು ಘೋಷಿಸಿ, ಕಾಲ್ಪನಿಕ ಬಡವರಿಗೆ ಈ ಊರಿನಲ್ಲಿ ಸಿಗುತ್ತಿರುವ ಪ್ರೀತಿ, ಗೌರವ ಹಾಗೂ ರಕ್ಷಣೆಯನ್ನು ಆಕೆಗೂ ಮಂಜೂರು ಮಾಡಬೇಕಾಗಿ ಕೋರಲಾಗಿದೆ.

ತಮ್ಮನ್ನು ಆಡಿಸುವವರ ಮೇಲೆ ವಿಶ್ವಾಸ ಹೋಗಿ, ತಮ್ಮೊಬ್ಬರ ವಿಶ್ವಾಸಿಯಾಗಿ ಉಳಿದಿರುವ,

(ಸಹಿ)
ಕಾಂಚನಾ

ಅಡಕಗಳು:
೧. ಮನವಿ ಪತ್ರದ ನಕಲು. ಸಹಿಗಳ ಮೇಲಿರುವ ಎಣ್ಣೆ ಕಲೆ ಅಮೃತವ್ವನ ಮಿರ್ಚಿಯದು.
೨. ಪಾಪದ ಡಬ್ಬಿ, ಖಾಲಿ.
೩. ಅಮೃತವ್ವನ ಆಧಾರ್ ಕಾರ್ಡಿನ ನಕಲು. ಆಕೆ ಇರುವುದಕ್ಕೆ ಪುರಾವೆಯಾಗಿ. ಆದೇಶವಾದ ಕೂಡಲೇ ಹರಿದು ಹಾಕಬಹುದು.

ವಿ.ಸೂ.: ಈ ಅರ್ಜಿ ತಿರಸ್ಕೃತವಾದಲ್ಲಿ ಸೋಮವಾರದ ನಂತರದ ಆಟಗಳಿಗೆ ಫಕ್ಕೀರವ್ವ ಬರುವುದಿಲ್ಲ, ಕಥೆ ನಡೆಸುವವಳೂ ಬರುವುದಿಲ್ಲ. ಆಕೆಗಾಗಿ ಪ್ರಾಣ ಕೊಡಲು ಸಿದ್ಧರಿರುವ ಮೂವರು ಮಹನೀಯರೂ ಬೇರೆ ಬಡವಳೊಬ್ಬಳನ್ನು ಸ್ವಂತ ವೆಚ್ಚದಲ್ಲಿ ಹುಡುಕಿಕೊಳ್ಳಬೇಕೆಂದು ತಿಳಿಸಲು ವಿನಂತಿ.