ಮಾರ್ಜಿನ್ ಇಲ್ಲದ ಶೇರವಾನಿ

"ನಿಕಾಹದ ದಿನ ನೋಡ, ನಮ್ಮ ಲಗ್ನದಾಗ ಎಷ್ಟ ತೆಳ್ಳಗ ಇದ್ನೋ ಅಷ್ಟ ತೆಳ್ಳಗ ಇರ್ತೇನಿ!"

ಮೂಡಲಗಿಯ ಗಫಾರ ಟೇಲರ್ ಕತ್ತರಿಯನ್ನು ಖಡ್ಗದಂತೆ ಎತ್ತಿ ಹಿಡಿದು ಸಾರಿದ. ಎದುರಿಗೆ ಹರಡಿದ್ದು ಬಂಗಾರಬಣ್ಣದ ಬಟ್ಟೆ. ಮಗಳು ಮಹೆಕಳ ಮಾವನಾಗಲಿದ್ದ ಹುಕ್ಕೇರಿಯ ಅಖ್ತರಸಾಬರು ಬಟ್ಟೆಯ ಒಂದೇ ಥಾನು ಕೊಂಡು, ಅರ್ಧ ತಾವಿಟ್ಟುಕೊಂಡು ಅರ್ಧ ಇವನಿಗೆ ಕೊಟ್ಟಿದ್ದರು. ಇಬ್ಬರು ಬೀಗರೂ ಅದೇ ಬಟ್ಟೆಯ ಶೇರವಾನಿ ತೊಟ್ಟು ನಿಕಾಹದಲ್ಲಿ ನಿಲ್ಲಬೇಕು. ತೊಡದಿದ್ದರೆ ಬೀಗರಿಗೆ ಅವಮಾನ. ಗುಂಡಿ ಹಾಕಲಾಗದೆ ತೊಟ್ಟರೆ ಟೇಲರನ ಮರ್ಯಾದೆ ಮೂರಾಬಟ್ಟೆ!

"ಮಾರ್ಜಿನ್ ಬಿಡ್ರಿ" ಎಂದಳು ಹೆಂಡತಿ ಸುಲ್ತಾನಾಬಿ. ಮುಂದೆ ಬಿಚ್ಚಿ ಸಡಿಲಿಸಲು ಹೊಲಿಗೆಯ ಒಳಗೆ ಬಿಡುವ ಬಟ್ಟೆಯೇ ಮಾರ್ಜಿನ್. ಗಿರಾಕಿಗಳಿಗೆ ಅದನ್ನು ಧಾರಾಳವಾಗಿ ಬಿಡುವವನು ಇವನೇ. ಅಳತೆಗೆ ಹೊಟ್ಟೆ ಒಳಗೆಳೆದು ನಿಂತವರಿಗೆ, "ಉಸರ ಬಿಡ್ರಿ, ಖರೆ ಅಳತಿ ಕೊಡ್ರಿ!" ಎಂದು ಗದರುವವನೂ ಇವನೇ.

"ತಮ್ಮ ಮ್ಯಾಲೆ ಭರೋಸಾ ಇಲ್ಲದಾವ್ರು ಮಾರ್ಜಿನ್ ಬಿಡ್ತಾರ!" ಎಂದವನೇ ತನ್ನ ಮದುವೆಯ ಅಳತೆಗೆ ಕರಕರ ಕತ್ತರಿಸಿಬಿಟ್ಟ. ಉಳಿದ ಬಟ್ಟೆಯನ್ನು ಹೆಂಡತಿಯತ್ತ ಎಸೆದು, "ತಗೋ, ಚೀಲಾ ಹೊಲ್ಕೋ" ಎಂದ.

ಈ ಧೈರ್ಯ ಬಂದದ್ದು ಮೊಬೈಲಿನಿಂದ. ದೇಹ ಕ್ಯಾಲೊರಿ ಸುಡುವ ವೇಗ ವಯಸ್ಸು, ನಿದ್ದೆ, ಓಡಾಟ, ಸ್ನಾಯುಗಳ ಮೇಲೆ ನಿಂತಿದೆ, ಖಾರ ಮತ್ತು ಚಳಿಯಿಂದಲೂ ತುಸು ಏರುತ್ತದೆ ಎಂದು ದಪ್ಪ ತೋಳಿನವನೊಬ್ಬ ವಿಡಿಯೋದಲ್ಲಿ ಹೇಳಿದ್ದ. ಆ "ತುಸು" ಮಾತ್ರ ಗಫಾರನ ಕಿವಿಗೆ ಬೀಳಲೇ ಇಲ್ಲ.

"ನಾ ಉಣ್ಣೂದು ಕಡಿಮಿನ ಐತಿ ಸುಲ್ತಾನಾ. ಒಳಗಿನ ಒಲಿ ಮಂದ ಆಗೇತಿ."

"ಒಲಿಗೆ ಏನೂ ಆಗಿಲ್ಲರಿ. ನೀವು ಕಟಗಿ ತುರುಕೂದು ಜಾಸ್ತಿ ಆಗೇತಿ!"

ಒಲೆ ಚುರುಕು ಮಾಡಲು ಹಸಿಮೆಣಸಿನಕಾಯಿ ಕಚಕಚ ಕಡಿದ. ಖಾರ ನೆತ್ತಿಗೇರಿತು, ಇಳಿಸಲು ಗೋಕಾಕದ ಕರದಂಟು ಬೇಕಾಯಿತು. ಒಂದು ತುಂಡಲ್ಲ ಮಹಾರಾಯರೇ, ಇಡೀ ಡಬ್ಬಿ! ಚಳಿಯ ಪ್ರಯೋಗಕ್ಕೆಂದು ನಸುಕಿನಲ್ಲಿ ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ. ಹಲ್ಲು ಹೊಲಿಗೆ ಮಷಿನ್ನಿನಂತೆ ಕಟಕಟ ಓಡಿದವು. ಎದ್ದು ಬಂದಾಗ ಎಂಥ ಹಸಿವು ಅಂತೀರಿ, ದಂಡೆಯಲ್ಲಿ ಹುರಿದ ಮೀನು ಮುಗಿಯುವ ತನಕ ಅಲ್ಲಾಡಲಿಲ್ಲ! ಸ್ನಾಯು ಬೆಳೆದರೆ ಕೂತಲ್ಲೇ ಕ್ಯಾಲೊರಿ ಸುಡುತ್ತದಲ್ಲ, ಅದಕ್ಕೆ ಕೊನೆಗೆ ಕಬ್ಬಿಣದ ಹೊಲಿಗೆ ಮಷಿನ್ನನ್ನೇ ಎತ್ತಲು ಹೋದ. ಮಷಿನ್ ಅಲುಗಲಿಲ್ಲ, ಸೊಂಟ ಹಿಡಿಯಿತು.

ಹಾಸಿಗೆ ಹಿಡಿದವನಿಗೆ ಬಲ ಬರಲೆಂದು ಕೌಜಲಗಿಯ ನೆಂಟರು ತುಪ್ಪ ಸುರಿದ ಅಂಟಿನುಂಡೆ ತಂದರು. ಓಡಾಟವಿಲ್ಲ, ಉಂಡೆಗೆ ಲೆಕ್ಕವಿಲ್ಲ!

ನಿಕಾಹದ ಬೆಳಿಗ್ಗೆ ಶೇರವಾನಿಯ ಗುಂಡಿಗೂ ಕಾಜಾಕ್ಕೂ ನಡುವೆ ಗೇಣುದ್ದ ಅಂತರ. ಗಫಾರನಿಗೆ ಅಳುವೇ ಬಂತು.

"ಒಬ್ಬಾಕಿನ ಮಗಳು. ಬೀಗರ ಮುಂದ ನಾ ಹೆಂಗ ನಿಂದರ್ಲಿ?"

ಸುಲ್ತಾನಾಬಿ ಚೀಲಕ್ಕೆಂದು ಎಸೆದಿದ್ದ ಬಟ್ಟೆ ತೆಗೆದಳು. ಬಗಲಿನಿಂದ ಅಂಚಿನವರೆಗೆ ಎರಡೂ ಬದಿಗೆ ಪಟ್ಟಿ ಕೂಡಿಸಿ ಹೊಲಿದಳು. ಗುಂಡಿ ಕೂಡಿದವು, ಗಫಾರನಿಗೆ ಜೀವ ಬಂತು.

ಶಾದಿ ಮಹಲಿನ ಬಾಗಿಲಲ್ಲಿ ಅಖ್ತರಸಾಬರು ತೋಳು ಚಾಚಿ, "ಏನ್ರಿ ಬೀಗರ!" ಎಂದು ಅಪ್ಪಿಕೊಂಡರು.

ಪರ್‍ರ್!

ಗಫಾರ ಗಾಬರಿಯಿಂದ ಬಗಲು ಸವರಿಕೊಂಡ. ಪಟ್ಟಿ ಭದ್ರವಾಗಿತ್ತು. ಹರಿದದ್ದು ಅಖ್ತರಸಾಬರದು!

ಅವರು ಕಿವಿಯ ಹತ್ತಿರ ಬಾಗಿದರು. "ಗಫಾರಭಾಯಿ, ಯಾರಿಗೂ ಹೇಳಬ್ಯಾಡ್ರಿ. ಮೊಬೈಲದಾಗ ಒಂದು ವಿಡಿಯೋ ನೋಡಿದ್ನಿ. ಮಾರ್ಜಿನ್ ಬ್ಯಾಡ ಅಂತ ನಮ್ಮೂರ ಟೇಲರಗ ನಾನ ಹೇಳಿದ್ನಿ."

ಗಫಾರನಿಗೆ ಹೋದ ಗತ್ತೆಲ್ಲ ಮರಳಿ ಬಂತು. ಬೀಗರನ್ನು ಒಳಕೋಣೆಗೆ ಎಳೆದೊಯ್ದು, ಜೇಬಿನಿಂದ ಟೇಪು ತೆಗೆದು, ಎದೆ ಸೆಟೆಸಿ ನಿಂತ. "ಹಿಂಗ ಮಾಡ್ಬಾರ್ದರಿ ಬೀಗರ! ಬಟ್ಟಿ ಹೊಲಸೋ ಮುಂದ ಮನಷ್ಯಾಗ ಅಕಲ್ ಬೇಕು!"

ಹಿಂದಿನಿಂದ ಬಂದ ಸುಲ್ತಾನಾಬಿಯ ಕೈಯಲ್ಲಿ ದಾರ ಪೋಣಿಸಿದ ಸೂಜಿ, ಉಳಿದ ಬಂಗಾರಬಣ್ಣದ ತುಂಡು. ಗಂಡನ ಕೈಯಿಂದ ಟೇಪು ಕಿತ್ತುಕೊಂಡಳು.

"ಮೊದಲ ಇಬ್ಬರೂ ಉಸರ ಬಿಡ್ರಿ," ಎಂದಳು. "ಖರೆ ಅಳತಿ ಕೊಡ್ರಿ."